ಮಗಳನ್ನು ಮೇಡಂ ಎಂದವನು

ಫೋಟೋ ಮಾಮನಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಜನ ತನ್ನ ಬಗ್ಗೆ ಏನಾದರೂ ಅಂದುಕೊಳ್ಳುವ ಮೊದಲೇ ಅವರ ಪರವಾಗಿ ತಾನೇ ಎಲ್ಲವನ್ನೂ ಅಂದುಕೊಂಡುಬಿಡುತ್ತಿದ್ದ. ಹೀಗಾಗಿ ಅವನು ಸ್ಟುಡಿಯೋ ಮುಚ್ಚಿ ಪಾರ್ಸೆಲ್ ವ್ಯಾನ್ ಓಡಿಸಲು ಹೋದಾಗ ಬೀದಿಯಲ್ಲಿ ಯಾರೂ ತುಟಿಪಿಟಿಕ್ಕೆನ್ನದಿದ್ದರೂ ಅವನ ಕಿವಿ ಮಾತ್ರ ದಿನವಿಡೀ ಬಿಸಿಯಾಗಿಯೇ ಇರುತ್ತಿತ್ತು.

ಸ್ಟುಡಿಯೋ ಮುಚ್ಚಿದ್ದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಎಲ್ಲರ ಕೈಗೂ ಫೋನು ಬಂತು, ಎಲ್ಲರೂ ಫೋಟೋ ತೆಗೆಯುವವರೇ ಆದರು. ಮೊದಲು ಮಕ್ಕಳನ್ನು ಕರೆತರುವುದು ನಿಂತಿತು, ಆಮೇಲೆ ಮದುವೆಗಳು ನಿಂತವು, ಕೊನೆಗೆ ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋಗೂ ಜನ ಬರುವುದು ಕಡಿಮೆಯಾಯಿತು. ಬಂದವರೂ ಫೋನಿನಲ್ಲಿ ತಾವೇ ತೆಗೆದುಕೊಂಡದ್ದನ್ನು ತೋರಿಸಿ, "ಇದನ್ನೇ ಸ್ವಲ್ಪ ಬೆಳ್ಳಗೆ ಮಾಡಿ ಪ್ರಿಂಟ್ ಹಾಕಿಕೊಡಿ" ಅನ್ನುತ್ತಿದ್ದರು. ಬಣ್ಣದ ಪರದೆ, ಕುತ್ತಿಗೆ ಎತ್ತರಿಸಿ ಕೂರಿಸುವ ಸ್ಟೂಲು, ಕೊಡೆಯ ಹಾಗೆ ಬಿಚ್ಚಿಕೊಳ್ಳುವ ದೀಪ, ಎಲ್ಲ ಮನೆಯ ಅಟ್ಟ ಸೇರಿದವು. ಬೀಗ ಹಾಕಿದ ದಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ:

"ಕಾಲೇಜಲ್ಲಿ ಯಾರಾದ್ರೂ ಕೇಳಿದ್ರೆ ಸ್ಟುಡಿಯೋ ರಿಪೇರಿ ನಡೀತಿದೆ ಅನ್ನು."

"ಇನ್ನೂ ಎಷ್ಟು ದಿನ ರಿಪೇರಿ ಅಂತ ಕೇಳಿದ್ರೆ?"

"ಅಷ್ಟೆಲ್ಲ ಯಾರು ಕೇಳ್ತಾರೆ?"

ಹೆಂಡತಿ ಅಡುಗೆಮನೆಯಿಂದಲೇ ಅಂದಳು: "ಹೇಳಿಕೊಡೋದು ಹೇಳಿಕೊಡ್ತೀರಿ, ಸ್ವಲ್ಪ ಬಾಳಿಕೆ ಬರೋ ಸುಳ್ಳನ್ನಾದ್ರೂ ಹೇಳಿಕೊಡಿ."

ಮಗಳು ಅಪ್ಪ ಹೇಳಿಕೊಟ್ಟದ್ದನ್ನೇ ಹೇಳಿದಳು. ಗೆಳತಿಯರ ಪಾಲಿಗೆ ಅವಳಪ್ಪ ಈಗಲೂ ಫೋಟೋಗ್ರಾಫರ್.

ವ್ಯಾನಿನ ಕೆಲಸ ಅವನಿಗೆ ಹಿಡಿಸುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಅವನೂ ಹಾಗೇ ಅಂದುಕೊಂಡಿದ್ದ. ಆದರೆ ನಡೆದದ್ದು ಬೇರೆ. ಬೆಳಗ್ಗೆ ಡಿಪೋದ ತಗಡಿನ ಛಾವಣಿಯ ಕೆಳಗೆ ರಟ್ಟಿನ, ಅಂಟುಪಟ್ಟಿಯ ವಾಸನೆ. ಕೊನೆಯಲ್ಲಿ ಕೊಡಬೇಕಾದ್ದು ವ್ಯಾನಿನ ಒಳಗೆ ಮೊದಲು ಹೋಗಬೇಕು, ಮೊದಲು ಕೊಡಬೇಕಾದ್ದು ಬಾಗಿಲ ಹತ್ತಿರ ಬರಬೇಕು. ಮರೆತರೆ ನಡುಬೀದಿಯಲ್ಲಿ ಇಡೀ ವ್ಯಾನ್ ಬಗೆದು ಹುಡುಕಬೇಕು. ಮೊದಲ ವಾರ ಅವನೂ ಬಗೆದ. ಆಮೇಲೆ ಕೈಗೆ ಬಂತು. ಸ್ಟುಡಿಯೋದಲ್ಲಿ ಗಿರಾಕಿಗಾಗಿ ಬಾಗಿಲು ನೋಡುತ್ತ ಕೂತಿದ್ದವನಿಗೆ ಈಗ ಬಾಗಿಲಿಗೆ ತಾನೇ ಹೋಗುವ ಕೆಲಸ. ಅದರಲ್ಲೊಂದು ಹಗುರ ಇತ್ತು. ಕಷ್ಟ ಇರಲಿಲ್ಲ ಅಂತಲ್ಲ. ಲಿಫ್ಟ್ ಇಲ್ಲದ ಕಟ್ಟಡಗಳು, ಗೇಟಿನೊಳಗಿಂದ ಹಾರಿ ಬರುವ ನಾಯಿಗಳು, ವ್ಯಾನ್ ನಿಲ್ಲಿಸಿದಲ್ಲೆಲ್ಲ ಹಿಂದಿನಿಂದ ಹಾರ್ನ್. ಮೂತ್ರಕ್ಕೆ ಹೋಗಲು ಜಾಗ ಸಿಗುವುದಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದ. ಸೊಂಟ ಹಿಡಿದುಕೊಂಡಿತ್ತು. ಆದರೂ ಸಂಜೆ ವ್ಯಾನ್ ಖಾಲಿಯಾದಾಗ, ಇವತ್ತಿನದು ಇವತ್ತಿಗೆ ಮುಗಿಯಿತು ಅನ್ನುವ ಸುಖ ಸ್ಟುಡಿಯೋದ ಕೊನೆಯ ವರ್ಷಗಳಲ್ಲಿ ಅವನಿಗೆ ಒಂದು ದಿನವೂ ಸಿಕ್ಕಿರಲಿಲ್ಲ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಾರ್ಸೆಲ್ಲನ್ನು ಬಾಗಿಲ ಬಳಿ ಇಟ್ಟು ಫೋಟೋ ತೆಗೆದು ಕಳಿಸಬೇಕು, ಕೊಟ್ಟದ್ದಕ್ಕೆ ಅದೇ ಸಾಕ್ಷಿ. ಬೇರೆಯವರು ನಿಂತಲ್ಲಿಂದಲೇ ಒಂದು ಗುಂಡಿ ಒತ್ತಿ ಹೋಗುತ್ತಿದ್ದರು. ಇವನಿಗೆ ಕೈ ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ಪೊರಕೆ ಸರಿಸುವನು, ತನ್ನ ನೆರಳು ಬೀಳದ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಹೋಗುವನು, ಮಂಡಿಯೂರಿ ಡಬ್ಬದ ಮಟ್ಟಕ್ಕೆ ಇಳಿದು, ಕಿಟಕಿಯ ಬೆಳಕು ಅದರ ಒಂದು ಅಂಚಿನ ಮೇಲೆ ಬರುವಂತೆ ತೆಗೆಯುವನು. ಇದರಿಂದ ದಿನಾ ತಡ.

"ಪಾರ್ಸೆಲ್‌ಗೇನು ಸಂಬಂಧ ಹುಡುಕ್ತಿದ್ದೀಯಾ?" ಅನ್ನುತ್ತಿದ್ದ ಕೊಕ್ಕರೆ. ಕೊಕ್ಕರೆ ಅಂದರೆ ಪಕ್ಕದ ಲೈನಿನ ಡ್ರೈವರ್; ಒಬ್ಬೊಬ್ಬ ಡ್ರೈವರಿಗೆ ಹಂಚಿಕೊಟ್ಟ ಬೀದಿಗಳಿಗೆ ಡಿಪೋದಲ್ಲಿ ಲೈನು ಅನ್ನುತ್ತಿದ್ದರು. ಕಾಲು ಉದ್ದ, ಕುತ್ತಿಗೆ ಉದ್ದ, ಈಚೆಗೆ ಒಂದು ಮೊಣಕಾಲು ನೋವು. ಕೆಲಸ ಕಲಿಸಿದವನೂ ಅವನೇ. "ಎದುರು ಮನೆಯವರು ನೋಡಿದ್ರೆ ಬಾಗಿಲಿಗೆ ನಮಸ್ಕಾರ ಹಾಕ್ತಿದ್ದಾನೆ ಅಂದ್ಕೋತಾರೆ ಮಾರಾಯ."

ಯಾರು ನೋಡಿದರೂ ಗುರುತು ಹಿಡಿಯದಂತೆ ಫೋಟೋ ಮಾಮ ಟೋಪಿಯನ್ನು ಹಣೆಯವರೆಗೆ ಎಳೆದು, ಧೂಳಿನ ನೆಪ ಹೇಳಿ ಮಾಸ್ಕ್ ಕಟ್ಟಿಕೊಳ್ಳುತ್ತಿದ್ದ. ಆ ಬಾಗಿಲುಗಳಲ್ಲಿ ಎಷ್ಟೋ ಮನೆಗಳ ಮದುವೆಗೆ ಅವನೇ ಫೋಟೋ ತೆಗೆದಿದ್ದ. ಗಂಡಸರನ್ನು "ಗಲ್ಲ ಸ್ವಲ್ಪ ಇಳಿಸಿ" ಅಂದವನು, ಹೆಂಗಸರನ್ನು "ನಗಬೇಕಮ್ಮ" ಅಂದು ನಗಿಸಿದವನು, ಈಗ ಅದೇ ಜನರಿಗೆ "ಸಾರ್, ಪಾರ್ಸೆಲ್" ಅನ್ನುವಾಗ ದನಿಯನ್ನೂ ಬದಲಾಯಿಸುತ್ತಿದ್ದ.

ಹೆಂಡತಿ ಒಮ್ಮೆ ಹೇಳಿಯೇಬಿಟ್ಟಳು: "ಡ್ರೈವರ್ ಹೆಂಡತಿ ಅನ್ನಿಸಿಕೊಳ್ಳೋಕೆ ನನಗೇನೂ ಬೇಜಾರಿಲ್ಲ. ಆದ್ರೆ ನೀವು ಮುಖ ಮುಚ್ಚಿಕೊಂಡು ನಮ್ಮ ಬೀದೀಲೇ ಸರಸರ ಹೋಗೋದು ನೋಡಿದ್ರೆ ಕಳ್ಳನ ಹೆಂಡತಿ ಅನ್ನಿಸುತ್ತೆ."

ಅವನನ್ನು ತೆಗೆದುಕೊಂಡಿದ್ದು ತಾತ್ಕಾಲಿಕ ಅಂತ. ಬೇಡವೆನಿಸಿದರೆ ಬಿಟ್ಟು ಹೋಗಬಹುದು ಅನ್ನುವುದೊಂದು ಸಮಾಧಾನ ಇತ್ತು. ಆ ಸಮಾಧಾನವನ್ನೂ ಡಿಪೋದ ಸೂಪರ್‌ವೈಸರ್ ಕಿತ್ತುಕೊಂಡಳು. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಆದರೂ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು.

"ನಿಮ್ಮನ್ನ ಖಾಯಂ ಮಾಡಬೇಕು ಅಂತ ಮೇಲಿಂದ ಹೇಳಿದ್ದಾರೆ," ಅಂದಳು ಅವಳು, ಕುತ್ತಿಗೆಯಲ್ಲಿದ್ದ ಸ್ಕ್ಯಾನರಿನ ದಾರ ಬಿಡಿಸಿಕೊಳ್ಳುತ್ತ. "ನಿಮ್ಮದೇ ವ್ಯಾನು, ನಿಮ್ಮದೇ ಲೈನು. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಿ. ಊಹೂಂ ಅಂದ್ರೆ ಜಾಗಕ್ಕೆ ಬೇರೆಯವರು ಬರ್ತಾರೆ. ಮಧ್ಯದಲ್ಲಿ ನೇತಾಡೋದು ಇನ್ನು ಇಲ್ಲ."

"ಇದು ಒಳ್ಳೆ ಕೆಲಸವಾ, ಅಕ್ಕ?" ಅಂತ ಕೇಳಿದ.

"ನಾನು ಸುಳ್ಳು ಹೇಳಲ್ಲ. ಮೊಣಕಾಲು ಹೋಗುತ್ತೆ. ಜನ ನಿಮ್ಮ ಮುಖ ನೋಡಲ್ಲ, ಕೈ ನೋಡ್ತಾರೆ. ಮಳೆ ಬಂದ್ರೆ ಡಬ್ಬ ನೆನೀಬಾರದು, ನೀವು ನೆಂದ್ರೂ ಪರವಾಗಿಲ್ಲ. ತಿಂಗಳಾದ್ರೆ ಸಂಬಳ ಬರುತ್ತೆ, ಜ್ವರ ಬಂದ್ರೆ ರಜೆ ಇರುತ್ತೆ. ವ್ಯಾನ್ ಓಡಿಸುವಾಗ ತಲೆ ಮೇಲೆ ಯಾರೂ ನಿಂತಿರಲ್ಲ. ಇಷ್ಟೇ. ಒಳ್ಳೇದೋ ಕೆಟ್ಟದ್ದೋ ನೀವೇ ಕೂಡಿ ಕಳೆದು ನೋಡಿ."

ಅದೇ ದಿನ ಸಂಜೆ ಮನೆಗೆ ಭಾವಮೈದ ಬಂದು ಕೂತ. ಹೆಂಡತಿಯ ತಮ್ಮ, ಮುಖ್ಯರಸ್ತೆಯಲ್ಲಿ ಅವನದೊಂದು ಪೀಠೋಪಕರಣದ ಅಂಗಡಿ, ಅವನ ಬಾಯಲ್ಲಿ 'ಶೋರೂಮ್'. ಒಳ್ಳೆಯ ಮನಸ್ಸಿನವನೇ. ಆದರೆ ಒಳ್ಳೆಯದು ಮಾಡುವಾಗ ಅದು ನಾಲ್ಕು ಜನಕ್ಕೆ ಕೇಳಿಸಬೇಕು.

"ಭಾವ, ನನ್ನ ಶೋರೂಮಲ್ಲಿ ಮ್ಯಾನೇಜರ್ ಕುರ್ಚಿ ಖಾಲಿ ಇದೆ," ಅಂದ. "ಬಂದು ಕೂತ್ಕೊಳ್ಳಿ. ಬಂದವರನ್ನ ಮಾತಾಡಿಸಿದ್ರೆ ಸಾಕು."

"ಮಾತಾಡಿಸೋದಕ್ಕೆ ಮ್ಯಾನೇಜರ್ ಯಾಕೋ?" ಅಂತ ಹೆಂಡತಿ ಕೇಳಿದಳು.

"ಅದು ಹೆಸರಿಗೆ ಕಣೇ. ನಾಳೆ ಮಗಳಿಗೆ ಗಂಡು ನೋಡುವಾಗ ಅಪ್ಪ ಏನ್ಮಾಡ್ತಾರೆ ಅಂದ್ರೆ ಮ್ಯಾನೇಜರ್ ಅನ್ನಬಹುದು. ಪಾರ್ಸೆಲ್ ಡ್ರೈವರ್ ಅಂತ ಹೇಳೋದು ಚೆನ್ನಾಗಿರುತ್ತಾ?"

ಮಗಳು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು. "ನನಗೆ ಗಂಡು ನೋಡೋ ಮೊದಲು ನನ್ನ ಪರೀಕ್ಷೆ ಆಗ್ಲಿ ಮಾಮ," ಅಂದಳು. ಡ್ರೈವರ್ ಅನ್ನುವುದರ ಬಗ್ಗೆ ಅವಳು ಚಕಾರ ಎತ್ತಲಿಲ್ಲ. ಎತ್ತಲಿ ಅಂತ ಅಪ್ಪ ಕಾದ. ಎತ್ತದಿದ್ದಾಗ, ಅವಳ ಪರವಾಗಿ ತಾನೇ ಅಂದುಕೊಂಡ.

ಶುಕ್ರವಾರ ಮಧ್ಯಾಹ್ನ ಒಂದು ಅಪಾರ್ಟ್‌ಮೆಂಟು. ಲಿಫ್ಟು ಕೆಟ್ಟಿತ್ತು. ಪಾರ್ಸೆಲ್ಲು ಅಂಗೈ ಅಗಲದ್ದು, ಬೆಲೆಬಾಳುವ ಫೋನು; ಹಾಗಾಗಿ ಬಾಗಿಲಲ್ಲಿ ಇಟ್ಟು ಬರುವಂತಿಲ್ಲ, ಓಟಿಪಿ ಕೇಳಿ ಪಡೆದು ಕೈಯಲ್ಲಿನ ಯಂತ್ರದಲ್ಲಿ ಒತ್ತಿದ ಮೇಲೇ ಕೊಡಬೇಕು. ಯಾರೋ ಹೆಂಗಸಿನ ಹೆಸರಿತ್ತು. ಏದುಸಿರು ಬಿಡುತ್ತ ಹತ್ತಿ ಗಂಟೆ ಒತ್ತಿದ. ಒಳಗೆ ಹುಡುಗಿಯರ ಮಾತು, ಹಾಡು. "ನೀನೇ ಹೋಗಿ ತೆಗಿಯೇ, ನನ್ನ ಉಗುರಿನ ಬಣ್ಣ ಇನ್ನೂ ಒಣಗಿಲ್ಲ" ಅಂತ ಒಬ್ಬಳು ಹೇಳಿದ್ದು ಕೇಳಿಸಿತು. ಬಾಗಿಲು ತೆರೆಯಿತು.

ತೆರೆದವಳು ಅವನ ಮಗಳು.

ಗೆಳತಿಯ ಮನೆಗೆ ಓದಲು ಹೋಗುತ್ತೇನೆ ಅಂತ ಬೆಳಗ್ಗೆ ಹೇಳಿ ಹೋಗಿದ್ದಳು; ಯಾವ ಗೆಳತಿ, ಎಲ್ಲಿ ಮನೆ ಅಂತ ಅವನು ಕೇಳಿರಲಿಲ್ಲ. ಟೋಪಿ, ಮಾಸ್ಕು ಏನಿದ್ದರೇನು, ಮಗಳಿಗೆ ಅಪ್ಪನ ಭುಜ ಗೊತ್ತಿರುವುದಿಲ್ಲವೇ. ಅವಳ ತುಟಿ "ಅ" ಅಂತ ತೆರೆಯಿತು. ಹಿಂದೆಯೇ ಇನ್ನೊಬ್ಬಳು ಬೆರಳುಗಳನ್ನು ಹರಡಿ ಊದಿಕೊಳ್ಳುತ್ತ ಬರುತ್ತಿದ್ದಳು. ಅಪ್ಪ ಮಗಳ ಮುಖ ನೋಡಿದ. ಅದರಲ್ಲಿ ಏನಿತ್ತೋ, ಏನೂ ಇರಲಿಲ್ಲವೋ, ಓದಿಕೊಳ್ಳುವಷ್ಟು ಹೊತ್ತು ಅವನು ಕಾಯಲಿಲ್ಲ.

"ಮೇಡಂ, ಪಾರ್ಸೆಲ್," ಅಂದ. "ಓಟಿಪಿ ಹೇಳ್ತೀರಾ?"

ಮಗಳ ಬಾಯಿ ಮುಚ್ಚಿತು. ಆಮೇಲೆ ಹಿಂದಕ್ಕೆ ತಿರುಗಿ, "ಓಟಿಪಿ ಬೇಕಂತೆ," ಅಂದಳು.

ಗೆಳತಿ ಸೋಫಾದ ಮೇಲಿದ್ದ ಅಮ್ಮನ ಫೋನು ನೋಡಿ ಒಂದೊಂದೇ ಅಂಕಿ ಓದಿದಳು. ಅದನ್ನೇ ಮಗಳು ಒಂದೊಂದಾಗಿ ಅಪ್ಪನಿಗೆ ಒಪ್ಪಿಸಿದಳು. ಬೆವರಿಗೆ ಅವನ ಬೆರಳು ಜಾರಿ ಒಂದು ಅಂಕಿ ತಪ್ಪಿತು. "ಇನ್ನೊಂದ್ಸಲ ಹೇಳಿ ಮೇಡಂ." ಅವಳು ಇನ್ನೊಮ್ಮೆ ಹೇಳಿದಳು, ಪರಿಚಯವಿಲ್ಲದವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ. ಪಾರ್ಸೆಲ್ ಕೊಡುವಾಗ ಕೈಗೆ ಕೈ ತಾಗದಂತೆ ಇಬ್ಬರೂ ಅದರ ತುದಿಗಳನ್ನು ಹಿಡಿದರು.

"ಥ್ಯಾಂಕ್ಸ್ ಅಂಕಲ್," ಅಂದಳು ಮಗಳು.

ಬಾಗಿಲು ಮುಚ್ಚಿತು. ಅವನು ಮೆಟ್ಟಿಲ ತಿರುವಿಗೆ ಇಳಿದಿದ್ದ, ಅಷ್ಟರಲ್ಲಿ ಒಳಗೆ ನಗು ಎದ್ದಿತು. ಎಷ್ಟು ಜನ ನಕ್ಕರೋ. ಅವರಲ್ಲಿ ಒಂದು ನಗು, ಮೊದಲು ಉಸಿರು ಸಿಕ್ಕಿಕೊಂಡ ಹಾಗಾಗಿ ಆಮೇಲೆ ಬಿಚ್ಚಿಕೊಳ್ಳುವ ನಗು, ತೊಟ್ಟಿಲಲ್ಲಿದ್ದಾಗಿನಿಂದ ಅವನು ಕೇಳಿದ್ದ ನಗು. ಕೈಯಲ್ಲಿದ್ದ ಯಂತ್ರ ಮುಂದಿನ ಮನೆಗೆ ತಡವಾಯಿತೆಂದು ಕೂಗಿಕೊಳ್ಳುತ್ತಿತ್ತು. ಅವನು ವ್ಯಾನಿನಲ್ಲಿ ಕೂತು ಸ್ಟಿಯರಿಂಗ್ ಹಿಡಿದುಕೊಂಡ. ತಾನು ಮಾಡಿದ್ದು ಸರಿ ಅಂತ ಹೇಳಿಕೊಂಡ. ಗೆಳತಿಯರ ಮುಂದೆ ಅವಳ ಮಾನ ಉಳಿಸಿದೆ. ಹಾಗೆ ಎಷ್ಟು ಸಲ ಹೇಳಿಕೊಂಡರೂ ನಗು ಮಾತ್ರ ಕಿವಿಯಿಂದ ಇಳಿಯಲಿಲ್ಲ.

ಸಂಜೆ ಅವನು ಬರುವ ಹೊತ್ತಿಗೆ ಮಗಳು ಮನೆಯಲ್ಲಿದ್ದಳು. ಯಾವಾಗಲೂ ಫೋನಿನಿಂದ ತಲೆ ಎತ್ತದವಳು ಇವತ್ತು ಎದ್ದು ನೀರು ತಂದಳು.

"ಟೀ ಮಾಡ್ಲಾ ಅಪ್ಪ?"

"ಬೇಡ."

"ಸ್ವಲ್ಪ ಮಾಡ್ತೀನಿ."

"ಬೇಡ ಅಂದ್ನಲ್ಲ."

"ಇವಳಿಗೇನಾಯ್ತು ಇವತ್ತು?" ಅಂದಳು ಹೆಂಡತಿ. "ಕರೆದ್ರೂ ಎದ್ದು ಬರದವಳು. ಏನಾದ್ರೂ ಒಡೆದು ಹಾಕಿದ್ಯೇನೇ?"

ಮಗಳು ಅವನ ಬೆವರು ಹಿಡಿದ ಟೋಪಿಯನ್ನು ಒಗೆದು ಹಗ್ಗಕ್ಕೆ ಹಾಕಿದಳು. ಅಪ್ಪನಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮುನಿಸಿಕೊಂಡಿದ್ದರೆ ಎದುರು ಮುನಿಸಿಕೊಳ್ಳಬಹುದಿತ್ತು. ಈ ಒಳ್ಳೆಯತನದ ಮುಂದೆ ಕೂರುವುದಕ್ಕೇ ಆಗಲಿಲ್ಲ. ಮರುದಿನ ಬೆಳಗ್ಗೆ ಟೋಪಿ ಇನ್ನೂ ಹಸಿ ಇತ್ತು. ಹಸಿಯಾದದ್ದನ್ನೇ ಹಾಕಿಕೊಂಡು ಡಿಪೋಗೆ ಹೋಗಿ ಅಕ್ಕನಿಗೆ ಹೇಳಿದ:

"ಊಹೂಂ."

"ಯಾಕೆ ಅಂತ ಕೇಳ್ಬಹುದಾ?"

"ಮಗಳು ದೊಡ್ಡವಳಾದಳು."

ಅಕ್ಕನಿಗೆ ಅದು ಅರ್ಥವಾಯಿತೋ ಇಲ್ಲವೋ, "ಸೋಮವಾರದವರೆಗೆ ನಾನು ಮೇಲೆ ಹೇಳಲ್ಲ," ಅಂದಳು. "ನಾಳೆ ಭಾನುವಾರ ಬರ್ತೀರಾ?"

"ನಾಳೆ ಬೇರೆ ಕಡೆ ಕೆಲಸ ನೋಡಬೇಕು."

"ಹಾಗಾದ್ರೆ ನಿಮ್ಮ ಲೈನ್ ಯಾರಿಗಾದ್ರೂ ಹಂಚ್ತೀನಿ." ಯಾರಿಗೆ ಅಂತ ಅವನು ಕೇಳಲಿಲ್ಲ.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿ ಶೋರೂಮಿಗೆ ಹೋದ. ಭಾವಮೈದ ಅವನನ್ನು ಚರ್ಮದ ಹೊದಿಕೆಯ ತಿರುಗುವ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಗಾಜಿನ ಮೇಜು ಎಳೆದ. ಗಾಜಿನ ಮೇಲೆ ಒಂದು ಪೆನ್ನು, ಒಂದು ನೀರಿನ ಬಾಟಲಿ. ಮಾಡಲು ಏನೂ ಇರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಭಾವಮೈದ, "ಇವರು ನಮ್ಮ ಭಾವ, ಒಂದು ಕಾಲದಲ್ಲಿ ದೊಡ್ಡ ಫೋಟೋಗ್ರಾಫರ್. ಈಗ ನಮ್ಮನ್ನ ನೋಡಿಕೊಳ್ತಿದ್ದಾರೆ," ಅಂತ ಪರಿಚಯ ಮಾಡಿಸಿದ. ಗಿರಾಕಿಗಳು ಸೋಫಾ ಅದುಮಿ ನೋಡುತ್ತ ಹೂಂಗುಟ್ಟಿದರು. ಫೋಟೋ ಮಾಮ ಕೂತಲ್ಲಿಯೇ ಮೆಲ್ಲಗೆ ಅರ್ಧ ಸುತ್ತು ತಿರುಗಿದ, ಮತ್ತೆ ಅರ್ಧ ಸುತ್ತು ವಾಪಸ್ ತಿರುಗಿದ. ತಂಪು ಗಾಳಿಯಲ್ಲೂ ಬೆನ್ನು ಬೆವರಿತು. ಇಲ್ಲಿ ಮಾಸ್ಕ್ ಇರಲಿಲ್ಲ, ಟೋಪಿ ಇರಲಿಲ್ಲ. ಆದರೂ ಇನ್ನೊಬ್ಬನ ಮುಖ ಹಾಕಿಕೊಂಡು ಕೂತ ಹಾಗೆ.

ಮಧ್ಯಾಹ್ನದ ಹೊತ್ತಿಗೆ ಹೊರಗೆ ವ್ಯಾನ್ ನಿಂತಿತು. ಗಾಜಿನ ಬಾಗಿಲನ್ನು ಬೆನ್ನಿನಿಂದ ತಳ್ಳಿಕೊಂಡು, ಎದೆಯವರೆಗೆ ಬರುವ ಡಬ್ಬವನ್ನು ಅಪ್ಪಿ ಹಿಡಿದು ಒಬ್ಬ ಒಳಬಂದ. ಮೊದಲು ಕಂಡದ್ದು ಉದ್ದನೆಯ ಕಾಲುಗಳು.

ಕೊಕ್ಕರೆ.

ಡಬ್ಬದ ಮೇಲಿನಿಂದ ಅವನ ಕಣ್ಣು ಕುರ್ಚಿಯ ಮೇಲಿದ್ದವನನ್ನು ನೋಡಿತು. ಅಂಗಿಯ ಇಸ್ತ್ರಿಯನ್ನು ನೋಡಿತು. ಪಕ್ಕದಲ್ಲಿ ನಿಂತಿದ್ದ ಯಜಮಾನನನ್ನು ನೋಡಿತು.

"ಸಾರ್, ಪಾರ್ಸೆಲ್," ಅಂದ ಕೊಕ್ಕರೆ, ಯಾರಿಗೂ ಅಲ್ಲದ ಹಾಗೆ.

"ಮೇಲಿನ ಮಹಡೀಲಿ ಇಟ್ಟುಬಿಡಪ್ಪ," ಅಂದ ಭಾವಮೈದ.

ಡ್ರೈವರ್ ತಲುಪಿಸಬೇಕಾದ್ದು ಬಾಗಿಲವರೆಗೆ. ಮಹಡಿ ಹತ್ತಿಸುವುದು ಅವನ ಕೆಲಸವಲ್ಲ. ಆದರೆ ಹತ್ತಿಸುವುದಿಲ್ಲ ಅಂತ ಹೇಳಿದರೆ ಗಿರಾಕಿ ದೂರು ಕೊಡುತ್ತಾನೆ. ಅದು ಕುರ್ಚಿಯಲ್ಲಿದ್ದವನಿಗೆ ಚೆನ್ನಾಗಿ ಗೊತ್ತಿತ್ತು. ಕೊಕ್ಕರೆಯ ಎಡ ಮೊಣಕಾಲು ಬಗ್ಗುವುದಿಲ್ಲ ಅನ್ನುವುದೂ ಗೊತ್ತಿತ್ತು. "ಇಲ್ಲೇ ಇಡಲಿ, ನಾನು ಎತ್ತಿಡ್ತೀನಿ" ಅನ್ನುವ ನಾಲ್ಕು ಮಾತು ಗಂಟಲವರೆಗೆ ಬಂದವು. ಹಾಗಂದಿದ್ದರೆ, ಇವನು ನಿಮಗೆ ಹೇಗೆ ಗೊತ್ತು ಅಂತ ಭಾವಮೈದ ಗಿರಾಕಿಗಳ ಎದುರೇ ಕೇಳುತ್ತಿದ್ದ. ಮಾತುಗಳು ಅಲ್ಲೇ ನಿಂತವು. ಕೊಕ್ಕರೆ ಒಂದೊಂದು ಮೆಟ್ಟಿಲಿಗೂ ಎಡಗಾಲನ್ನು ಎಳೆದುಕೊಳ್ಳುತ್ತ ಹತ್ತಿದ. ಮೇಲೆ ಡಬ್ಬ ಇಳಿಸಿದ ಸದ್ದು ಕೇಳಿಸಿತು. ಮೆಟ್ಟಿಲ ಕಂಬಿ ಹಿಡಿದು ಇಳಿದು ಬಂದ.

"ಭಾವ, ನನ್ನ ಫೋನ್ ನೋಡಿ ಓಟಿಪಿ ಹೇಳಿಬಿಡಿ," ಅಂದು ಭಾವಮೈದ ಗಿರಾಕಿಯ ಕಡೆ ತಿರುಗಿದ.

ಕೊಕ್ಕರೆ ಗಾಜಿನ ಮೇಜಿನ ಎದುರು ಬಂದು ನಿಂತ. ಹಣೆಯಿಂದ ಬೆವರು ಇಳಿಯುತ್ತಿತ್ತು. "ಹೇಳಿ ಸಾರ್," ಅಂದ.

ಫೋಟೋ ಮಾಮ ಒಂದೊಂದೇ ಅಂಕಿ ಹೇಳಿದ. ತನ್ನ ದನಿ ಹೇಗಿದೆ ಅಂತ ಅವನಿಗೇ ಕೇಳಿಸಿತು. ಪರಿಚಯವಿಲ್ಲದವರಿಗೆ ಹೇಳುವ ಹಾಗೆ, ಬಿಡಿಸಿ ಬಿಡಿಸಿ.

"ಥ್ಯಾಂಕ್ಸ್ ಸಾರ್."

ಕೊಕ್ಕರೆ ಬಾಗಿಲು ದಾಟುವ ಮೊದಲೇ ಭಾವಮೈದ ಇವನ ಕಡೆ ಬಗ್ಗಿ, "ಎಂಥ ಉದ್ದ ನೋಡಿ ಭಾವ. ಇವನನ್ನ ಇಟ್ಟುಕೊಂಡ್ರೆ ಬಲ್ಬ್ ಹಾಕೋಕೆ ಏಣಿ ಬೇಡ," ಅಂದ.

ಫೋಟೋ ಮಾಮ ನಕ್ಕ.

ನಗಬೇಕು ಅಂತ ನಕ್ಕದ್ದಲ್ಲ. ನಗದೆ ಇದ್ದರೆ ಯಾಕೆ ಅಂತ ಕೇಳುತ್ತಾರಲ್ಲ, ಆ ಹೆದರಿಕೆಗೆ ಬಂದ ನಗು. ಬಂದದ್ದು ಮಾತ್ರ ದೊಡ್ಡದಾಗಿಯೇ ಬಂತು. ಬಾಗಿಲಲ್ಲಿ ಕೊಕ್ಕರೆಯ ಬೆನ್ನು ಒಂದು ಗಳಿಗೆ ನಿಂತು ಮುಂದೆ ಹೋಯಿತು.

ಅವನು ಎದ್ದು ಹೊರಗೆ ಓಡಿದ. ವ್ಯಾನ್ ಆಗಲೇ ತಿರುವಿನಲ್ಲಿತ್ತು. ಅದರ ಹಿಂದಿನ ಬಾಗಿಲ ಮೇಲೆ ಅಂಟಿಸಿದ್ದ ಲೈನಿನ ಚೀಟಿ ಕಂಡಿತು, ಕೊಕ್ಕರೆಯದರ ಪಕ್ಕದಲ್ಲೇ ತನ್ನದೂ. ತಾನು ಬಿಟ್ಟು ಬಂದ ಲೈನನ್ನೂ ಸೇರಿಸಿ ಇವತ್ತು ಅವನೇ ಹೊತ್ತಿದ್ದ. ಬಿಸಿಲಿನಲ್ಲಿ ಇಸ್ತ್ರಿಯ ಅಂಗಿ ಹಾಕಿಕೊಂಡು ನಿಂತವನನ್ನು ಭಾವಮೈದ ಒಳಗಿಂದ ಕರೆದ: "ಯಾಕೆ ಭಾವ, ಏನಾದ್ರೂ ಮರೆತು ಹೋದ್ನಾ?"

"ಇಲ್ಲ. ಅವನು ಏನೂ ಮರೆತಿಲ್ಲ."

ಒಳಗೆ ಹೋಗಿ, ಅವನು ತನ್ನ ಜೊತೆ ಕೆಲಸ ಮಾಡುವವನು, ತನಗೆ ಕೆಲಸ ಕಲಿಸಿದವನು ಅಂತ ಹೇಳಿದ. ಗಿರಾಕಿಗಳ ಮುಂದೆಯೇ ಹೇಳಿದ. ಹೇಳಿದರೆ ಹಗುರಾಗಬಹುದು ಅಂದುಕೊಂಡಿದ್ದ, ಆಗಲಿಲ್ಲ. ಹೇಳಬೇಕಾದ ಹೊತ್ತು ಮೆಟ್ಟಿಲು ಹತ್ತಿ ಇಳಿದು ಹೊರಟುಹೋಗಿತ್ತು. ಭಾವಮೈದನ ಮುಖ ಕೆಂಪಾಯಿತು. "ಮೊದಲೇ ಹೇಳಬಾರದಿತ್ತಾ ಭಾವ? ನಾನೇ ಎತ್ತಿಡ್ತಿದ್ದೆ," ಅಂದ. ಆ ಮಾತು ನಿಜವೂ ಆಗಿದ್ದೀತು. ಅದೇ ಇನ್ನಷ್ಟು ಕಷ್ಟವಾಯಿತು.

ಮನೆಗೆ ಬಂದಾಗ ಹೆಂಡತಿ ಅಂಗಡಿಗೆ ಹೋಗಿದ್ದಳು. ಮಗಳು ಹಿತ್ತಲಿನ ಮೆಟ್ಟಿಲ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವನೂ ಒಂದು ಮೆಟ್ಟಿಲು ಕೆಳಗೆ ಕೂತು, ಒಂದು ಟವೆಲ್ ತೆಗೆದುಕೊಂಡು ಮಡಚತೊಡಗಿದ.

"ಶೋರೂಮು ಹೇಗಿತ್ತು?" ಅಂದಳು.

ಅವನು ನಡೆದದ್ದನ್ನು ನಡೆದ ಹಾಗೇ ಹೇಳಿದ. ಓಟಿಪಿ ಹೇಳಿದ್ದು, ಸಾರ್ ಅನ್ನಿಸಿಕೊಂಡದ್ದು. ನಕ್ಕದ್ದನ್ನೂ ಹೇಳಿದ. ಮಗಳ ಕೈಯಲ್ಲಿದ್ದ ಬಟ್ಟೆ ಮಡಿಲಲ್ಲೇ ಉಳಿಯಿತು.

"ನೀವು ಮೇಡಂ ಅಂದ್ರಲ್ಲ," ಅಂದಳು. "ನಾನು ಅಪ್ಪ ಅಂತಲೇ ಕರೆಯೋಕೆ ಹೊರಟಿದ್ದೆ. ಆಮೇಲೆ ನಿಮಗೇ ಬೇಡವೇನೋ ಅನ್ನಿಸ್ತು. ಸ್ಟುಡಿಯೋ ರಿಪೇರಿ ಅಂತ ನಾನು ಹೇಳಿಬಿಟ್ಟಿದ್ದೆನಲ್ಲ."

"ಹೇಳಿಸಿದ್ದು ನಾನೇ."

"ಹೂಂ."

"ಬಾಗಿಲು ಹಾಕಿದ ಮೇಲೆ ನಕ್ಕದ್ದು ಕೇಳಿಸ್ತು," ಅಂದ. ಕೇಳಬಾರದು ಅಂದುಕೊಂಡೇ ಕೇಳಿದ.

ಅವಳು ಇಲ್ಲ ಅನ್ನಬಹುದಿತ್ತು. ಬೇರೆ ಯಾವುದಕ್ಕೋ ನಕ್ಕೆವು ಅನ್ನಬಹುದಿತ್ತು, ಅವನು ನಂಬುತ್ತಿದ್ದ. "ನೀವು ಇನ್ನೊಂದ್ಸಲ ಹೇಳಿ ಮೇಡಂ ಅಂದ್ರಲ್ಲ, ಅದನ್ನ ಆ ಗೆಳತಿ ಅಣಕಿಸಿ ತೋರಿಸಿದಳು," ಅಂದಳು ತಲೆ ತಗ್ಗಿಸಿ. "ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ ಅಂತ ಹೇಳಿದ್ರೆ ನಿಮಗೆ ಸಮಾಧಾನ ಆಗುತ್ತೆ. ಆದ್ರೆ ಅಳಲಿಲ್ಲ ಅಪ್ಪ. ಕೂತು ಅವರ ಜೊತೆ ಆ ಫೋನ್ ನೋಡಿದೆ."

ಅವನು ಟವೆಲನ್ನು ಬಿಚ್ಚಿ ಮತ್ತೆ ಮಡಚಿದ. ಬೆಳಗ್ಗೆಯಾಗಿದ್ದರೆ ಈ ಮಾತು ಅವನನ್ನು ನೆಲಕ್ಕೆ ಒರಗಿಸಿಬಿಡುತ್ತಿತ್ತು. ಈಗ, ತನ್ನ ನಗು ಇನ್ನೂ ಬಾಯಲ್ಲೇ ಕಹಿಯಾಗಿ ಇದ್ದಾಗ, ಮಗಳ ನಗು ಎಲ್ಲಿಂದ ಬಂತು ಅಂತ ಗೊತ್ತಾಯಿತು. ಗೊತ್ತಾದದ್ದರಿಂದ ನೋವು ಕಡಿಮೆಯಾಗಲಿಲ್ಲ; ಇಬ್ಬರೂ ಒಂದೇ ಮೆಟ್ಟಿಲಿನವರು ಅನ್ನುವುದಷ್ಟೇ ತಿಳಿಯಿತು.

"ನಾಳೆ ಡಿಪೋಗೆ ಹೂಂ ಅಂತ ಹೇಳ್ತೀನಿ," ಅಂದ.

"ನನಗೋಸ್ಕರ ಬೇಡ."

"ನಿನಗೋಸ್ಕರ ಅಲ್ಲ. ನಿನಗೋಸ್ಕರ ಅಂದುಕೊಂಡೇ ಆ ಕುರ್ಚಿಗೆ ಹೋದದ್ದು." ಟವೆಲನ್ನು ರಾಶಿಯ ಮೇಲಿಟ್ಟು ಹೇಳಿದ: "ಕುರ್ಚಿಲಿ ಕೂತ್ರೂ ನಾಚಿಕೆ ಬಿಡಲ್ಲ ಕಣಮ್ಮ. ವ್ಯಾನಲ್ಲಾದ್ರೆ ಕೆಲಸದ ನಡುವೆ ಮರೆತಾದ್ರೂ ಹೋಗುತ್ತೆ. ಆ ಕೆಲಸ ನನಗೆ ಇಷ್ಟ. ಇಷ್ಟ ಅಂತ ಹೇಳೋದಕ್ಕೂ ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ."

"ಅಮ್ಮನಿಗೆ ಗೊತ್ತು," ಅಂದಳು ಮಗಳು. "ಸ್ಟುಡಿಯೋದಲ್ಲಿ ಇದ್ದಾಗ ನೀವು ಮನೆಗೆ ಬಂದು ಬರೀ ಬಯ್ತಿದ್ರಿ. ಈಗ ಬಂದು ಊಟ ಮಾಡ್ತೀರಿ ಅಂತಾಳೆ."

"ನಿನ್ನ ಗೆಳತಿಗೆ?"

ಅವಳು ಮಡಿಲಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು. "ಹೇಳ್ತೀನಿ," ಅಂದಳು. "ಯಾವಾಗ ಅಂತ ಕೇಳಬೇಡಿ."

ಅವನು ಕೇಳಲಿಲ್ಲ.

ಸೋಮವಾರ ಅಕ್ಕ ಅವನ ಹೂಂ ಕೇಳಿ, "ಮಗಳು ಮತ್ತೆ ಚಿಕ್ಕವಳಾದಳಾ?" ಅಂತಷ್ಟೇ ಕೇಳಿ ಹೊಸ ವ್ಯಾನಿನ ಕೀಲಿ ಕೊಟ್ಟಳು. ಕೊಕ್ಕರೆ ತನ್ನ ವ್ಯಾನಿನ ಬಾಗಿಲಲ್ಲಿ ಕೂತು ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ.

"ಬಂದ್ರಾ ಸಾರ್," ಅಂದ ತಲೆ ಎತ್ತದೆ. "ಕುರ್ಚಿ ಮೆತ್ತಗಿತ್ತಾ?"

"ನಿನ್ನೆ ನಾನು ಮಾತಾಡಬೇಕಿತ್ತು."

"ಮಾತಾಡಿದ್ರೆ ನಿನ್ನ ಭಾವಮೈದನ ಮುಂದೆ ನಿನಗೆ ಕಷ್ಟ ಆಗ್ತಿತ್ತು. ಅದಕ್ಕೇ ಸಾರ್ ಅಂದೆ."

"ಗೊತ್ತಾಯ್ತು."

"ಗೊತ್ತಾಗಿಯೂ ನೀನು ನಕ್ಕೆ."

"ನಕ್ಕೆ," ಅಂದ ಫೋಟೋ ಮಾಮ.

ಕೊಕ್ಕರೆ ಪಟ್ಟಿಯ ತುದಿ ಸಿಕ್ಕಿಸಿ, ಎದ್ದು ನಿಂತು, ಕಾಲು ಅಲುಗಿಸಿ ನೋಡಿದ. ಆಮೇಲೆ ತನ್ನ ಪಾರ್ಸೆಲ್ ರಾಶಿಯತ್ತ ಗಲ್ಲ ತೋರಿಸಿದ. "ಏರಿನ ಬೀದಿಯದೆಲ್ಲ ಇವತ್ತು ನೀನೇ ತಗೋ. ಅಲ್ಲಿ ಯಾವ ಮನೆಗೂ ಲಿಫ್ಟ್ ಇಲ್ಲ."

"ನಾಳೇನೂ ತಗೋತೀನಿ."

"ನಾಳೆ ಮಾತು ನಾಳೆ."

ರಾಶಿಯಲ್ಲಿ ದಪ್ಪ ದಪ್ಪ ಡಬ್ಬಗಳಿದ್ದವು. ಫೋಟೋ ಮಾಮ ಕೊನೆಯ ಮನೆಯದನ್ನು ಮೊದಲು ಹುಡುಕಿ, ಸೊಂಟ ಬಗ್ಗಿಸಿ ಎತ್ತಿ, ಹೊಸ ವ್ಯಾನಿನ ಒಳಗಿನ ಮೂಲೆಗೆ ಇಟ್ಟ. ಆಮೇಲೆ ಇನ್ನೊಂದು. ಕೊಕ್ಕರೆ ಸಹಾಯಕ್ಕೆ ಬರಲಿಲ್ಲ. ಬರಬಾರದು ಅಂತಲೇ ಇವನಿಗೂ ಇತ್ತು.